ಎಡಕ್ಕೆ, ಸೆತ್!

7 ಡಿಸೆಂಬರ್ 1946, ಶನಿವಾರ

ಒಂದು-ಒಂದು. ಸೋಲಲಿಲ್ಲ, ಅಷ್ಟೇ. ಮೊಣಕಾಲು ಮತ್ತೆ ಊದಿದೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಫುಟ್‌ಬಾಲ್ ತಂಡದ ಬಲಬದಿ ಕಾಯುವ ರೈಟ್ ಬ್ಯಾಕ್ ಆಗಿ ಆಡುವುದೆಂದರೆ... ಇರಲಿ.

ಸ್ನಾನ ಮುಗಿಸಿ ಎಲ್ಲರೂ ಹೋದ ಮೇಲೆ ನಮ್ಮ ಗೋಲ್‌ಕೀಪರ್ ಸೆತ್ ತಡೆದು ನಿಲ್ಲಿಸಿದ.

“ವಿಲ್ಫ್, ಯಾರಿಗೂ ಹೇಳ್ಬೇಡ. ಚೆಂಡು ನೇರಕ್ಕೆ ಬಂದ್ರೆ ನಂಗೆ ಕಾಣಲ್ಲ ಕಣೋ. ಬರೀ ಮಬ್ಬು.”

ಯುದ್ಧದಲ್ಲಿ ಜಪಾನಿಯರ ಸೆರೆ ಸಿಕ್ಕು ಮೂರು ವರ್ಷ ಅರೆಹೊಟ್ಟೆ. ಕಣ್ಣು ಆಗಲೇ ಹೋಯಿತಂತೆ. ವಾಸಿಯಾಗಲ್ಲವಂತೆ.

“ಮತ್ತೆ ಹೆಂಗೋ ಹಿಡೀತೀಯ?”

“ಒದೆಯೋ ಸದ್ದು ಕೇಳ್ತದಲ್ಲ. ನೀನು ಎಡ, ಬಲ ಅಂತ ಕೂಗು, ಸಾಕು. ಈ ಸೀಸನ್ ಒಂದು ಆಡಿಬಿಡ್ತೀನಿ.”

ಒಪ್ಪಿದೆ. ಅವನು ಅಲ್ಲಿ ನರಳುವಾಗ ನಾನು ಇಲ್ಲೇ ಕಾರ್ಖಾನೆಯಲ್ಲಿ ಗುಂಡು ತಯಾರಿಸುತ್ತಿದ್ದೆ. ದಿನಾ ನನ್ನ ಹಾಸಿಗೆಯಲ್ಲೇ ಮಲಗುತ್ತಿದ್ದೆ.

4 ಜನವರಿ

ಗೆದ್ದೆವು! “ಎಡಕ್ಕೆ, ಸೆತ್!” — ಹಾರಿದ, ಹಿಡಿದ. ಜನ ಟೋಪಿ ಎಸೆದರು. ನಮ್ಮ ಕಾಲು ತಿಕ್ಕುವ ಟ್ರೇನರ್ ಕ್ಲೆಗ್ ನಕ್ಕ: “ಏನಯ್ಯಾ ವಿಲ್ಫ್, ಸಂತೇಲಿ ಮೀನು ಮಾರೋ ಹಂಗೆ ಅರಚ್ತೀಯಲ್ಲ!” ಗಂಟಲು ಕಟ್ಟಿದೆ. ಖುಷಿ.

22 ಫೆಬ್ರವರಿ

ಮೈದಾನವೆಲ್ಲ ಮಂಜುಗಡ್ಡೆ. ಆಟವಿಲ್ಲ. ಊರಲ್ಲಿ ಕಲ್ಲಿದ್ದಲಿಗೂ ಬರ. ಸೆತ್ ಮನೆಗೆ ಹೋಗಿದ್ದೆ. ಅವನ ಹೆಂಡತಿ ಹೆಟ್ಟಿ ಬೆಂಕಿಯ ಹತ್ತಿರದ ಕುರ್ಚಿ ನನಗೇ ಬಿಟ್ಟಳು. “ನೀನಿಲ್ದಿದ್ರೆ ಇವ್ರ ಆಟ ಯಾವತ್ತೋ ಮುಗೀತಿತ್ತು,” ಅಂದಳು. ಹಿಗ್ಗಿದೆ. ನಾಚಿಕೆಯಿಲ್ಲದೆ.

29 ಮಾರ್ಚ್

ಐದು-ಒಂದರಲ್ಲಿ ಸೋತೆವು, ನಮ್ಮದೇ ಮೈದಾನದಲ್ಲಿ. ಮೂರು ಗೋಲು ಬಂದದ್ದು ನಾನು ಕಾಯುವ ಬದಿಯಿಂದ. ಅಂಚಿನಲ್ಲಿ ನುಗ್ಗುವ ಅವರ ವಿಂಗರ್ ಹಿಂದೆ ಓಡಿ ಓಡಿ ಉಸಿರೇ ಇರಲಿಲ್ಲ, ಕೂಗುವುದೆಲ್ಲಿ? ಜನ ಸೆತ್‌ಗೆ ಉಗಿದರು.

ಮ್ಯಾನೇಜರ್ ಸಗ್ಡನ್ ಕರೆಸಿದ. “ನೀನೋ ಅವನೋ, ಒಬ್ರು ಹೋಗ್ಬೇಕು. ನಿನ್ ಕಾಲಲ್ಲಿ ದಮ್ಮಿಲ್ಲ ಅಂತ ನನ್ ಅನಿಸಿಕೆ.”

“ಕಾಲಲ್ಲ ಸಾರ್,” ಅಂದೆ. “ಅವನಿಗೆ ಕಣ್ಣು ಕಾಣಲ್ಲ.”

ಅಷ್ಟು ಸಲೀಸಾಗಿ ಬಂತು ಬಾಯಿಂದ.

31 ಮಾರ್ಚ್

ಸೆತ್‌ನನ್ನು ತೆಗೆದರು. ಕಾರಣ ಇಡೀ ತಂಡಕ್ಕೆ ಗೊತ್ತು. ಹೇಳಿದ್ದು ಯಾರೆಂದು ಸಗ್ಡನ್ ಬಾಯಿ ಬಿಟ್ಟಿಲ್ಲ.

2 ಏಪ್ರಿಲ್

ಸೆತ್ ಬಂದಿದ್ದ, ಬೂಟು ಒಯ್ಯಲು. ಎಲ್ಲರೆದುರು ಕ್ಲೆಗ್‌ನ ಕೊರಳಪಟ್ಟಿ ಹಿಡಿದ. “ನೀನೇ ತಾನೇ ಚಾಡಿ ಹೇಳಿದ್ದು? ದಿನಾ ಕಾಲು ತಿಕ್ಕುವಾಗ ನನ್ ಕಣ್ಣನ್ನೇ ನೋಡ್ತಿದ್ಯಲ್ಲ!” ಕ್ಲೆಗ್ “ಇಲ್ಲಪ್ಪಾ, ದೇವರಾಣೆ” ಅನ್ನುವಷ್ಟರಲ್ಲಿ ಬಾಯಿಗೆ ಗುದ್ದಿದ. ರಕ್ತ.

ಇಬ್ಬರನ್ನೂ ಬಿಡಿಸಿದ್ದು ನಾನು. ನಾನೇ! ಸೆತ್ ನನ್ನ ಭುಜಕ್ಕೆ ಒರಗಿ ಅತ್ತ. “ನೀನೊಬ್ಬ ಇದ್ದೀಯಲ್ಲ,” ಅಂದ.

ಅವನ ಬೂಟು ನಾನೇ ಹೊತ್ತು ಗೇಟಿನವರೆಗೆ ಬಿಟ್ಟುಬಂದೆ.

7 ಜೂನ್

ಸೀಸನ್ ಮುಗಿಯಿತು. ಕಟ್ಟಕಡೆಯ ಸ್ಥಾನ. ನಮ್ಮನ್ನು ಲೀಗ್‌ನಲ್ಲಿ ಉಳಿಸಲು ಮತ ಹಾಕಿ ಎಂದು ಬೇರೆ ಕ್ಲಬ್ಬುಗಳ ಕಾಲು ಹಿಡಿಯಬೇಕು. ನಾನು ಮಾತ್ರ ಒಂದು ಆಟವನ್ನೂ ತಪ್ಪಿಸಲಿಲ್ಲ. ಕ್ಲೆಗ್‌ ಜೊತೆ ಈಗ ಯಾರೂ ಮಾತಾಡುವುದಿಲ್ಲ. ತುಟಿಯ ಗಾಯದ ಗುರುತು ಹಾಗೇ ಇದೆ. ಇವತ್ತೂ ನನ್ನ ಮೊಣಕಾಲು ತಿಕ್ಕಿದ.

8 ಜೂನ್, ಭಾನುವಾರ

ಸೆತ್ ಮನೆಗೆ ಹೋದೆ. ಬಾಗಿಲು ತೆಗೆದವನು ನನ್ನನ್ನೇ ನೋಡುತ್ತಾ “ಯಾರು?” ಅಂದ. ಹಾಗೇ ಹಿಂತಿರುಗಬಹುದಿತ್ತು. ಕಾಲು ತಿರುಗಿತ್ತು ಕೂಡ.

“ವಿಲ್ಫ್,” ಅಂದೆ. “ಕ್ಲೆಗ್ ಅಲ್ಲ ಕಣೋ ಹೇಳಿದ್ದು. ನಾನು.”

ಒಳಗೆ ಹೆಟ್ಟಿ ಕೈಯಲ್ಲಿದ್ದ ಕೆಟಲ್ ಕೆಳಗಿಟ್ಟಳು. ಸೆತ್ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕೋಟು ತಡಕಿದ.

“ಕ್ಲೆಗ್ ಮನೆಗೆ ಹೋಗ್ಬೇಕು ನಾನು. ಹೆಟ್ಟಿ ನನ್ನ ಅವಮಾನ ನೋಡೋದು ಬೇಡ. ನೀನೇ ಕರ್ಕೊಂಡ್ ಹೋಗು.”

ನನ್ನ ತೋಳು ಹಿಡಿದುಕೊಂಡ. ದಾರಿಯುದ್ದಕ್ಕೂ ಎದುರಾದವರೆಲ್ಲ ಟೋಪಿ ಎತ್ತಿದರು — ಎಂಥಾ ಗೆಳೆಯ ನೋಡು, ಅನ್ನುವ ಹಾಗೆ. ಕ್ಲೆಗ್ ಬಾಗಿಲು ತೆಗೆದ. ಇಬ್ಬರನ್ನೂ ನೋಡಿ ಹಿಂದೆ ಸರಿದ. ಸೆತ್ ನನ್ನ ತೋಳು ಬಿಟ್ಟು, ಇನ್ನೇನು ಬಾಯಿ ತೆರೆಯಬೇಕು, ನಾನು ಅವನಿಗಿಂತ ಮುಂಚೆ ಅಂದೆ: “ಹೇಳಿದ್ದು ನಾನು, ಕ್ಲೆಗ್.”