ಕೊಟ್ರಬಸಮ್ಮನ ಪದ

ಕುರುಗೋಡು
ಜಯ ಸಂವತ್ಸರ, ಪುಷ್ಯ ಬಹುಳ ಪಂಚಮಿ, ೧೮೯೫

ಮಗಳೇ ಚನ್ನವೀರಮ್ಮ, ನೂರು ವರ್ಷ ತಣ್ಣಗಿರು.

ಊಟ ಸೇರುತ್ತದೆಯೇ? ಕಾಲಿನ ಬಾವು ಇಳಿಯಿತೇ? ನಿನಗೆ ಏಳು ತಿಂಗಳಾಯಿತು, ದೇಶನೂರಿನ ಗದ್ದೆಯ ಬದುವಿನ ಮೇಲೆ ಓಡಾಡಬೇಡ, ಜಾರುತ್ತದೆ. ಬಸುರಿ ಸಾವಿನ ಮನೆಗೆ ಹೋಗಬಾರದೆಂದು ನಿನ್ನ ಅತ್ತೆ ತಡೆದದ್ದಕ್ಕೆ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ನಾನು ಇದ್ದೇನೆ. ರೊಟ್ಟಿ ಬಡಿಯುವುದನ್ನು ಕಲಿತೆ, ದುಂಡಗೆ ಬರುವುದಿಲ್ಲ.

ಆದರೆ ಈ ಹಸನಸಾಬನಿಂದ ಸಾಕಾಗಿ ಹೋಗಿದೆ. ಪಿಂಜಾರರ ಹಸನಸಾಬ್, ಏಕತಾರಿ ಹಿಡಿದು ತಾನೇ ಪದ ಕಟ್ಟಿ ಹಾಡುವವನು, ನಿನಗೆ ಗೊತ್ತು. ಮಣ್ಣು ಮಾಡುವ ಮೊದಲು ನಿನ್ನ ಅವ್ವನನ್ನು ಗೋಡೆಗೊರಗಿಸಿ ಕೂಡಿಸಿದಾಗ ಭಜನೆಗೆ ಅವನನ್ನೇ ಕರೆದಿದ್ದೆವು. ಸತ್ತವರ ಹೆಸರು ಸೇರಿಸಿ ಹೊಸ ಪದ ಕಟ್ಟುವುದು, ಮಣ್ಣಾದ ಮೇಲೆ ಅದನ್ನು ಮತ್ತೆ ಹಾಡದೆ ಬಿಡುವುದು ಅವನ ರೂಢಿ. ಈ ಸಲ ಜನ ಬಿಡಲಿಲ್ಲ, ಮಣ್ಣಾದ ಮೇಲೂ ಅವನನ್ನು ಕೂರಿಸಿಕೊಂಡು ಮತ್ತೆ ಮತ್ತೆ ಹಾಡಿಸಿದರು. ಅದರಲ್ಲಿ ನಿನ್ನ ಅವ್ವ ಎತ್ತರದ ದನಿಯನ್ನೇ ಅರಿಯದ ಮೆತ್ತನೆಯ ಹೆಂಗಸು. ನಿನ್ನ ಅವ್ವ, ಮಗಳೇ. ಅವಳು ಕೂಗಿದರೆ ಎರಡು ಓಣಿಯ ಕೋಳಿ ಹಾರುತ್ತಿದ್ದವು.

ಈಗ ಊರೆಲ್ಲ ಅದೇ. ಹೆಂಗಸರು ಬೀಸುತ್ತ ಹಾಡಿ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಆಳು ಎರ್ರಣ್ಣ ಬಾವಿಯ ಕಪಿಲೆ ಹೊಡೆದು ನೀರೆತ್ತುತ್ತ ಅದೇ ಪದ ಹಾಡಿಕೊಂಡು, ಎತ್ತು ನಿಲ್ಲಿಸಿ ಅಳುತ್ತಾನೆ. ಮೆಣಸಿನ ಗಿಡಕ್ಕೆ ನೀರಿಲ್ಲ. ಗೋಡೆಯ ಜಗಳಕ್ಕೆ ನಿನ್ನ ಅವ್ವನ ಹತ್ತಿರ ಮಾತು ಬಿಟ್ಟಿದ್ದ ಪಕ್ಕದ ಮನೆಯ ವೀರಭದ್ರಮ್ಮ ನನ್ನ ಕಟ್ಟೆಯ ಮೇಲೆ ಕೂತು, “ನಿಮಗೇನ್ ಗೊತ್ತೈತಿ ಅಣ್ಣಾ, ಆಕಿ ಎದಿ ಬೆಣ್ಣಿ ಇತ್ತು” ಎಂದು ನನಗೇ ಹೇಳುತ್ತಾಳೆ. ಅಳಲು ಬಂದವರಿಗೆ ನೀರು ಕೊಡುವುದು ನನ್ನ ಕೆಲಸ. ನನಗೆ ಅಳು ಬರುವುದಿಲ್ಲ, ಅದಕ್ಕೂ ಊರಲ್ಲಿ ಮಾತಾಗಿದೆ.

ಕಂಬಳಿ ಕೊಳ್ಳಲು ಬಳ್ಳಾರಿಗೆ ಹೋದರೆ ಕಂಟೋನ್ಮೆಂಟಿನಲ್ಲಿ ಕುದುರೆ ತಿಕ್ಕುತ್ತಿದ್ದವನೊಬ್ಬ ಅದನ್ನೇ ಹಾಡುತ್ತಿದ್ದ. ನಿನ್ನ ಅವ್ವನ ಹೆಸರೆತ್ತಿ, ಈ ಕೊಟ್ರಬಸಮ್ಮ ಯಾರೆಂದು ಕೇಳಿದೆ. “ಯಾರಾಕಿನೋ ಗೊತ್ತಿಲ್ರಿ. ಹಾಡಿದ್ರ ನಮ್ಮವ್ವ ಬಂದು ಮುಂದ ನಿಂತಂಗಾಗ್ತೈತಿ” ಎಂದ. ಅವನ ಅವ್ವ ಬಂದು ನಿಲ್ಲುತ್ತಾಳೆ, ನನ್ನ ಹೆಂಡತಿ ಬರುವುದಿಲ್ಲ. ಕಣ್ಣು ಮುಚ್ಚಿದರೆ ಆ ಪದದ ಹೆಂಗಸು ಬರುತ್ತಾಳೆ. ಅವಳು ನನಗೆ ಯಾರೂ ಅಲ್ಲ.

ಊರಿಗೆ ಬಂದವನೇ ಹಸನಸಾಬನ ಮನೆಗೆ ಹೋಗಿ, ಅವಳು ಹಾಗಿರಲಿಲ್ಲ, ಪದ ತಿದ್ದು ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. “ಆಯ್ತ್ರಿ ಚಿದಾನಂದಪ್ಪಾರ. ಅವ್ವಾರು ಹೆಂಗ ಬೈತಿದ್ರು, ಒಂದು ಮಾತು ಹೇಳ್ರಿ, ಅದನ್ನ ಹಾಕಿ ಕಟ್ತೀನಿ” ಎಂದು ಏಕತಾರಿ ಕೈಗೆತ್ತಿಕೊಂಡ. ಬಾಯಿ ತೆರೆದೆ. ಇಷ್ಟು ವರ್ಷ ಬೈಸಿಕೊಂಡವನಿಗೆ ಒಂದು ಬೈಗುಳವೂ ನೆನಪಾಗಲಿಲ್ಲ. ಮನೆಗೆ ಬಂದು ನನ್ನ ದಿನಚರಿ ತೆಗೆದರೆ ಮಳೆ ಬಂದದ್ದಿದೆ, ಎಮ್ಮೆ ಈದದ್ದಿದೆ. ಅವಳ ಮಾತು ಬರೆಯಬೇಕೆಂದು ಯಾವತ್ತೂ ತೋಚಿರಲಿಲ್ಲ.

ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ನನ್ನ ಶರಣು. ಹೊಟ್ಟೆಯ ಕೂಸಿಗೆ ಬಸವಣ್ಣನ ಕಾವಲಿರಲಿ.

ನಿನ್ನ ಅಪ್ಪ
ಚಿದಾನಂದಪ್ಪ

ತಾ.ಕ.: ಈ ಕಾಗದ ಒಯ್ಯುವ ಗಾಡಿಯವನು ಅವಸರ ಮಾಡುತ್ತಿದ್ದಾನೆ. ಹಸನಸಾಬ್ ಸೋಮವಾರ ಸಿರುಗುಪ್ಪಕ್ಕೆ ಹೊರಟಿದ್ದಾನೆ, ಅಲ್ಲಿಂದ ನಿಮ್ಮೂರಿಗೆ, ಜನ ಕರೆಸಿದ್ದಾರೆ. ಅವ್ವ ನಿನ್ನನ್ನು, ನನ್ನನ್ನು ಏನೇನೆಂದು ಬೈಯುತ್ತಿದ್ದಳೋ ಎಲ್ಲ ಬರೆದು ಕಳಿಸು, ಕೆಟ್ಟ ಮಾತೆಂದು ಬಿಡಬೇಡ. ಆ ಪದ ಕೇಳುವ ಮೊದಲೇ ಬರೆ. ಕೇಳಿದರೆ ನೀನೂ ಅಳುತ್ತೀಯೆ, ಆಮೇಲೆ ಅವಳನ್ನು ಇದ್ದ ಹಾಗೆ ಬಲ್ಲವರು ನಮ್ಮಿಬ್ಬರಲ್ಲಿ ಯಾರೂ ಉಳಿಯುವುದಿಲ್ಲ.