ಮೇಕೆ ಹಳ್ಳ ದಾಟಿದ ಸುದ್ದಿ

ಭಾನುವಾರ, ಊಟವಾದ ಮೇಲೆ

ಮುದ್ದು ಗುಬ್ಬಿಗೆ,

ಇಲ್ಲಿ ನಾನೂ ಕ್ಷೇಮ, ನನ್ನ ಬಸ್ಸೂ ಕ್ಷೇಮ. ಅಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದೊಂದನ್ನು ಬಿಟ್ಟು ಊರ ಸುದ್ದಿಯೆಲ್ಲ ಹೇಳುತ್ತೇನೆ. ಅದಕ್ಕೇ ಈ ಕಾಗದ. ಕೋಪ ಮಾಡಿಕೊಳ್ಳುವುದಾದರೆ ಪೂರ್ತಿ ಓದಿ ಮಾಡಿಕೊ.

ನಿವೃತ್ತಿಯ ಅರ್ಜಿಯನ್ನು ವಾಪಸ್ ತೆಗೆದುಕೊಂಡೆ. ಮೊನ್ನೆಯಿಂದ ಮತ್ತೆ ಬಸ್ ಓಡಿಸುತ್ತಿದ್ದೇನೆ. ನೀನು ನನಗೆಂದು ಕೋಣೆ ಸಿದ್ಧ ಮಾಡಿದ್ದೀಯ, ಗೊತ್ತು. ಆದರೂ ನಿನ್ನ ಮನೆಯಲ್ಲಿ ಇರಲು ಈಗ ಬರುವುದಿಲ್ಲ.

ನಿನ್ನ ಅಪ್ಪನ ಕಟ್ಟಳೆ ನಿನಗೆ ನೆನಪಿದೆಯಲ್ಲ? ಅವರೂ ಡ್ರೈವರ್, ನಾನೂ ಡ್ರೈವರ್. ಬೆಳಿಗ್ಗೆ ಡಿಪೋಗೆ ಹೊರಡುವ ಮೊದಲು ಇಬ್ಬರೂ ಟಿವಿ ಮುಂದೆ ಕೂತು ಆ ಹಳೇ ವಿಡಿಯೋ ಗೇಮಿನ ಮೇಕೆಯನ್ನು ಹಳ್ಳ ಹಾರಿಸಬೇಕು. "ಮೇಕೆನ ಹಳ್ಳ ದಾಟಿಸೋಕಾಗದೋರು ಜನಾನ ಊರು ದಾಟಿಸಬಾರದು ಕಣೇ" ಅನ್ನುತ್ತಿದ್ದರು. ಮೇಕೆ ನೀರಿಗೆ ಬಿದ್ದರೆ ಅವತ್ತು ರಜೆ. ಅವರು ಹೋದ ಮೇಲೂ ನಾನು ಅದನ್ನು ಬಿಡಲಿಲ್ಲ. ಡಿಪೋದವರು ನಗುತ್ತಿದ್ದರು, ನಗಲಿ.

ನೀನು ಪ್ರೀತಿಯಿಂದ ಆ ತೆಳ್ಳನೆಯ ಟಿವಿ ಕಳಿಸಿದೆ. ಹಳೇ ಡಬ್ಬಾ ಟಿವಿ ಗುಜರಿಗೆ ಹೋಯಿತು. ಮಾರನೇ ಬೆಳಿಗ್ಗೆಯೇ ನನ್ನ ಮೇಕೆ ನೀರಿಗೆ ಬಿತ್ತು. ಅದರ ಮರುದಿನವೂ ಬಿತ್ತು. ನಾನು ಒತ್ತುವುದು ಸರಿಯಾಗಿಯೇ ಇರುತ್ತಿತ್ತು ಅನ್ನಿಸಿದರೂ ಅದು ದಡ ಮುಗಿದ ಮೇಲೆ ಹಾರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಸಾಲಿಗೆ ನಾನೇಕೆ ಸೇರಲಿ ಎಂದು ಟಿವಿಯನ್ನು ದೂರಲಿಲ್ಲ. ಕೈ ಸೋತಿದೆ ಎಂದುಕೊಂಡೆ. ಕೈ ಸೋತವಳ ಬಸ್ಸಿನಲ್ಲಿ ಅಷ್ಟು ಜನ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಾರಲ್ಲ ಎಂದು ಹೆದರಿಕೆಯಾಗಿ ಅರ್ಜಿ ಬರೆದುಕೊಟ್ಟೆ. ಅದು ಪಾಸಾಗುವವರೆಗೆ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಅಲ್ಲಿ ಕೂತು ನನ್ನ ಬಸ್ಸನ್ನು ಬೇರೆಯವರು ಹಿಂದಕ್ಕೆ ತೆಗೆಯುವುದನ್ನು ನೋಡುವಾಗ, ತವರಿನ ಹಸುವನ್ನು ಮಾರಿದ ಹಾಗಾಗುತ್ತಿತ್ತು.

ಒಂದು ದಿನ ನಿಲ್ದಾಣದಲ್ಲಿ ಗಲಾಟೆ. ಹಲ್ಲಿನ ಡಾಕ್ಟರಮ್ಮ ಒಬ್ಬರು ಒಂದು ಡಬ್ಬಾ ಟಿವಿಯನ್ನು ಕೂಸಿನಂತೆ ತಬ್ಬಿಕೊಂಡು ಬಸ್ ಹತ್ತುತ್ತಿದ್ದರು. ನಮ್ಮ ಬೊಕ್ಕತಲೆ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, "ಈ ಹೊಟ್ಟೆಗೆ ಎರಡು ಸೀಟು ಬೇಕು ಮೇಡಂ, ಬಸುರಿ ಅಂತ ರಿಯಾಯಿತಿ ಕೇಳ್ಬೇಡಿ" ಎನ್ನುತ್ತಿದ್ದ. ನಾನು ಕಿಟಕಿ ಬಿಟ್ಟು ಹೋಗಿ, ಮನೆಯಲ್ಲಿ ಟಿವಿ ಇಲ್ಲವೇ ತಾಯಿ ಎಂದು ಕೇಳಿದೆ. "ಇದೆ, ಗೋಡೆಗೆ ಅಂಟ್ಕೊಂಡಿದೆ. ನೋಡೋಕೆ ಅದು, ಹಳೇ ಗೇಮ್ ಆಡೋಕೆ ಇದು" ಅಂದರು. ತೆಳು ಟಿವಿ ಹಳೇ ಆಟದ ಚಿತ್ರವನ್ನು ತಿದ್ದಿ ತೀಡಿ ಆಮೇಲೆ ತೋರಿಸುತ್ತದಂತೆ, ಇದು ಬಂದದ್ದನ್ನು ಬಂದ ಹಾಗೇ ಎಸೆಯುತ್ತದಂತೆ. "ಕಣ್ಣು ಮಿಟುಕಿಸೋಷ್ಟು ತಡ ಅಷ್ಟೇ ಅಮ್ಮಾ. ಆದ್ರೆ ಹಾರೋವಾಗ ಬೀಳೋಕೆ ಅಷ್ಟೇ ಸಾಕು."

ನನ್ನ ಮೇಕೆಯ ಕಥೆ ಹೇಳಿದೆ. ಭಾನುವಾರ ಹಳೇ ಆಟದವರೆಲ್ಲ ನಮ್ಮಲ್ಲಿ ಸೇರುತ್ತಾರೆ, ಆ ಮೇಕೆಯೂ ಇದೆ, ಬನ್ನಿ ಎಂದರು.

ಹೋದ ಭಾನುವಾರ ಅವರ ದವಾಖಾನೆಯ ಹಿಂದಿನ ಕೋಣೆಗೆ ಹೋದೆ. ಗೋಡೆಯುದ್ದಕ್ಕೂ ದಪ್ಪ ಟಿವಿಗಳು. ಬಿಸಿಯಾದ ಧೂಳಿನ ವಾಸನೆ, ಸಣ್ಣಗೆ ಗುಂಯ್ ಎನ್ನುವ ಸದ್ದು, ಗಾಜಿನ ಹತ್ತಿರ ಕೈ ಒಯ್ದರೆ ರೋಮ ನಿಮಿರುವುದು, ಎಲ್ಲ ಹಾಗೇ. ದರ್ಜಿ, ಬ್ಯಾಂಕಿನವರು, ಗಣಿತದ ಮೇಷ್ಟ್ರು, ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೆಳು ಟಿವಿಯಲ್ಲಿ ಮೇಕೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ, ಇದರಲ್ಲಿ ಮೈತುಂಬ ಕೂದಲಿದ್ದ ಹಾಗೆ ಕಾಣುತ್ತದೆ ಎಂದು ಮೇಷ್ಟ್ರು ವಾದ ಹೂಡಿದ್ದರು. ನನಗೆ ಕೂದಲು ಬೇಕಿರಲಿಲ್ಲ. ಆಡಿಸಿದೆ. ಮೇಕೆ ಹಾರಿತು, ಆಚೆ ದಡದಲ್ಲಿ ನಿಂತಿತು. ಮತ್ತೆ ಆಡಿಸಿದೆ, ಮತ್ತೆ ನಿಂತಿತು. "ಅಜ್ಜೀ, ನಮಗೂ ಒಂಚೂರು ಬಿಡಿ" ಎಂದು ದರ್ಜಿ ಗೋಗರೆದ. ಅಜ್ಜಿ ಅಂದದ್ದಕ್ಕೆ ಇನ್ನೊಂದು ಆಟ ಹೆಚ್ಚಿಗೆ ಆಡಿದೆ. ಗುಬ್ಬೀ, ಈ ಸಲ ನಿಜವಾಗಿ ನೆಲವೇ ಡೊಂಕಾಗಿತ್ತು!

ಮೇಕೆಯೊಂದರ ಮಾತು ನಂಬಿ ಜನರ ಜೀವದ ಜೊತೆ ಆಡಬಾರದಲ್ಲ. ಡಿಪೋದ ವೈದ್ಯರ ಹತ್ತಿರ ಕಣ್ಣು, ಕೈ, ಕಾಲು ಎಲ್ಲ ಪರೀಕ್ಷೆ ಮಾಡಿಸಿದೆ. "ಇನ್ನೂ ಗಟ್ಟಿ ಇದ್ದೀರಿ, ಹೋಗಿ ಓಡಿಸಿ" ಎಂದು ಸಹಿ ಹಾಕಿದರು.

ನಿನ್ನ ಟಿವಿಯ ಮೇಲೆ ನನಗೆ ಮುನಿಸಿಲ್ಲ, ನಿನ್ನ ಮೇಲಂತೂ ಮೊದಲೇ ಇಲ್ಲ. ಗೋಡೆಯ ಮೇಲೆ ಅದು ಇರುತ್ತದೆ, ಅದರ ಕೆಳಗೆ ಸ್ಟೂಲಿನ ಮೇಲೆ ಡಾಕ್ಟರಮ್ಮ ಕೊಟ್ಟ ದಪ್ಪ ಟಿವಿಯೊಂದು ಕೂತಿದೆ. ಅತ್ತೆ ಸೊಸೆ ಇದ್ದ ಹಾಗೆ ಇವೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಮೊನ್ನೆ ನೀನು ವಿಡಿಯೋ ಕಾಲ್ ಮಾಡಿದಾಗ ಪಕ್ಕದ ಮನೆಯವಳು ಫೋನನ್ನು ನಿನ್ನ ಟಿವಿಗೆ ಜೋಡಿಸಿಕೊಟ್ಟಿದ್ದಳು. ನನಗೆಂದು ನೀನು ಸಿದ್ಧ ಮಾಡಿದ ಆ ಕೋಣೆ ಗೋಡೆಯಗಲ ಕಂಡಿತು. ನಾನು ಇನ್ನೂ ಮಲಗದ ಹಾಸಿಗೆಯ ದಿಂಬು ತಗ್ಗಾಗಿತ್ತು. ಕಿಟಕಿಯಲ್ಲಿ ನಿನ್ನ ಕನ್ನಡಕ, ಕುರ್ಚಿಯ ಮೇಲೆ ನೀನು ಉಟ್ಟು ಬಿಟ್ಟ ಸೀರೆಗಳು. ಬಾ ಬಾ ಎಂದು ನೀನು ಕರೆದದ್ದು ನನ್ನ ಕೈ ಸೋತಿದ್ದಕ್ಕಲ್ಲ ಎಂದು ಆಮೇಲೆ ತಿಳಿಯಿತು. ಅಳಿಯಂದಿರನ್ನು ನಾನೇನೂ ಕೇಳುವುದಿಲ್ಲ, ನೀನಾಗಿ ಹೇಳುವವರೆಗೆ ನಿನ್ನನ್ನೂ ಕೇಳುವುದಿಲ್ಲ. ರಜೆ ಹಾಕಿದ್ದೇನೆ, ಬುಧವಾರ ಬರುತ್ತೇನೆ. ಆ ಹಾಸಿಗೆಯನ್ನು ನನಗಾಗಿ ಬಿಟ್ಟು ಎಲ್ಲೂ ಹೋಗಬೇಡ. ಪಕ್ಕದಲ್ಲೇ ನನಗೊಂದು ಚಾಪೆ ಹಾಸು.