ಕಾದ ಭೂಮಿಯ ಮಗು

೧೪ ಏಪ್ರಿಲ್ ೨೦೦೪, ಬುಧವಾರ

ಹಾಸ್ಯ ಅಂಕಣಕಾರನೆಂಬ ಘನತೆವೆತ್ತ ಪ್ರಾಣಿ ಇಂದು ಅಕ್ಕನ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿತು. ಅವಳ ಮಗಳು ಲಾಸ್ಯ ತುಂಬು ಬಸುರಿ. ಹೊತ್ತು ಹೋಗಲೆಂದು ಅವಳಿಗೊಂದು ಕಾದಂಬರಿ ಕೊಟ್ಟಿದ್ದೆ. ಭೂಮಿ ಕಾದು ಕಾವೇರಿ ಬತ್ತಿಹೋದ ಮುಂದಿನ ಕಾಲದಲ್ಲಿ ಹುಟ್ಟುವ ಮಗುವಿನ ಕಥೆ. ಅರ್ಧ ಮಾತ್ರ ಓದಿ, ಪೂರ್ತಿ ಓದಿದವನಂತೆ ಹೊಗಳಿದ್ದೆ. ವಿಮರ್ಶಕರೂ ಮೆಚ್ಚುವ ಪದ್ಧತಿ.

ಸಂಜೆ ಶ್ರೀರಾಂಪುರದ ಅಕ್ಕನ ಮನೆಗೆ ಹೋದರೆ ಅವಳು ಪುಸ್ತಕವನ್ನು ನನ್ನ ಕೈಗೆ ತುರುಕಿದಳು. "ಸೀಮಂತದ ಬಳೆ ಇನ್ನೂ ಕೈಯಲ್ಲಿರೋ ಹುಡುಗಿಗೆ ಪ್ರಳಯ ಓದುಸ್ತೀಯೇನೋ? ಮಧ್ಯಾಹ್ನದಿಂದ ಅನ್ನ ಮುಟ್ಟಿಲ್ಲ ಕಣೋ."

ಲಾಸ್ಯ ಮೆತ್ತಗೆ ಕೇಳಿದಳು. "ಮಾವ, ಕೊನೇಲಿ ಆ ಮಗು ಬದುಕುತ್ತಾ?"

"ಬದುಕದೆ ಏನು? ಗುಂಡುಗುಂಡಾಗಿರುತ್ತೆ ಕಣಮ್ಮ" ಅಂದುಬಿಟ್ಟೆ.

ಅವಳು ತಟ್ಟೆ ಎಳೆದುಕೊಂಡಳು. ತಿನ್ನುತ್ತಲೇ, "ಅಮ್ಮ ಪುಸ್ತಕ ಕೊಡಲ್ಲ. ನಾಳೆ ಬಂದು ನೀವೇ ಕೊನೇದು ಓದಿ ಹೇಳಿ ಮಾವ" ಅಂದಳು.

ಈಗ ಓದಿ ಮುಗಿಸಿದೆ. ಮಗು ಬದುಕುವುದಿಲ್ಲ.

ಬೇರೆ ಕೊನೆ ಬರೆಯಲು ಕೂತಿದ್ದೇನೆ. ಮಳೆ ಸುರಿಸಿಬಿಡುವುದು ಸುಲಭ, ಆದರೆ ಲಾಸ್ಯ ನಂಬುವುದಿಲ್ಲ. ಮಗು ಉಳಿಯಬೇಕಾದರೆ ಕಾದಂಬರಿಯ ಆ ತಾಯಿ ಬೆಳಗಾಗುವುದರೊಳಗೆ ಒಂದು ಕೊಡ ನೀರು ತರಲೇಬೇಕು. ಎಲ್ಲಿಂದ ತರುತ್ತಾಳೆ, ಕಾವೇರಿಯೇ ಇಲ್ಲದ ಮೇಲೆ ಯಾವ ಕಡೆಗೆಂದು ನಾನು ಅವಳನ್ನು ಕಳಿಸಲಿ?